ಗೃಹಾರೋಗ್ಯ: ಚಳಿಯ ಪೆಟ್ಟು ಮತ್ತು ಕಾವಿನ ಪೆಟ್ಟು

ಮಾನ್ವಿಯ ಗೃಹಸ್ಥರೊಬ್ಬರು ನಮಗೊಂದು ಕಾಗದವನ್ನು ಬರೆದಿರುವರು. ಅವರ ಮಗನು ಸೈನ್ಯದಲ್ಲಿ ಸಿಪಾಯಿ. ಈ ಚಳಿಗಾಲದಲ್ಲಿ ಲಡಾಖಿನ ಕಡೆಗೆ ಕಾವಲಿಗೆ ಹೋಗುವ ಸರದಿ ಅವನದಾಗಿದೆ. ಅವನ ಜೊತೆಗಾರನೊಬ್ಬನಿಗೆ ಹಿಂದೊಮ್ಮೆ ಅಲ್ಲಿಯ ಹಿಮದಲ್ಲಿ ಬೆರಳುಗಳು ಮರಗಟ್ಟಿ ಬಿಳಿಚಿಕೊಂಡವಂತೆ. ಡೇರೆಗೆ ಮರಳಿ ಒಲೆಯ ಮುಂದೆ ಕೈಯೊಡ್ಡಿದಾಗ ಬೆರಳುಗಳು ಕೆಂಪೇರಿದವು. ಜೀವ ಬಂದಿತೆಂದು ಎಲ್ಲರೂ ಸಮಾಧಾನಪಟ್ಟರು. ಆದರೆ ಮರುದಿನ ಬೊಕ್ಕೆಗಳೆದ್ದವು. ಕೆಲವು ದಿನಗಳಲ್ಲಿ ಎರಡು ಬೆರಳುಗಳ ತುದಿ ಇದ್ದಲಿನಂತೆ ಕಪ್ಪಾಗಿ, ಕಡೆಗೆ ವೈದ್ಯರು ಅವನ್ನು ಕತ್ತರಿಸಿ ತೆಗೆಯಬೇಕಾಯಿತು. “ಹಿಮದಲ್ಲಿದ್ದಾಗ ಸಾಯದ ಬೆರಳು ಬೆಚ್ಚಗಾದ ಮೇಲೆ ಸತ್ತುದೇಕೆ? ನನ್ನ ಮಗನಿಗೆ ಏನು ಹೇಳಿ ಕಳುಹಿಸಲಿ?” ಎಂದು ಆ ತಂದೆಯವರು ಕೇಳಿರುವರು.

ಎರಡನೆಯ ಕಾಗದ ದೇವದುರ್ಗದಿಂದ ಬಂದಿದೆ. ಬರೆದವರು ಮೊಮ್ಮಕ್ಕಳನ್ನು ಕಂಡ ಹಿರಿಯ ಗೃಹಿಣಿ. ಅವರ ಕಿರಿಯ ಮಗಳಿಗೆ ಪುಷ್ಯಮಾಸದಲ್ಲಿ ಹೆರಿಗೆಯಾಗಬೇಕಾಗಿದೆ. ದವಾಖಾನೆಯ ನರ್ಸಮ್ಮನವರು ಹುಟ್ಟಿದ ದಿನ ಕೂಸಿಗೆ ಎರೆಯಬಾರದೆನ್ನುವರು. ಓಣಿಯ ಹಿರಿಯರಾದರೋ ಎರೆಯದೆ ಇಡುವುದುಂಟೆ ಎನ್ನುವರು. “ಯಾರ ಮಾತನ್ನು ಕೇಳಲಿ?” ಎಂಬುದು ಅವರ ಪ್ರಶ್ನೆ.

ಮೇಲ್ನೋಟಕ್ಕೆ ಈ ಎರಡು ಪ್ರಶ್ನೆಗಳಿಗೆ ಯಾವ ಸಂಬಂಧವೂ ಕಾಣದು. ಒಂದು ಸಾವಿರಾರು ಅಡಿ ಎತ್ತರದ ಹಿಮದ ಮಾತು. ಇನ್ನೊಂದು ಕೃಷ್ಣೆಯ ದಡದ ಬಾಣಂತಿಕೋಣೆಯ ಮಾತು. ಆದರೂ ಎರಡಕ್ಕೂ ಉತ್ತರವನ್ನು ಹೇಳಹೊರಟರೆ ಒಂದೇ ಸಂಗತಿಗೆ ಬಂದು ನಿಲ್ಲಬೇಕಾಗುವುದು. ಚಳಿಯಿಂದ ದೇಹಕ್ಕಾಗುವ ಹಾನಿಯಲ್ಲಿ ಪ್ರಾಣವಾಯುವಿನ ಪಾತ್ರವೇನೆಂಬುದೇ ಆ ಸಂಗತಿ. ಆದುದರಿಂದ ಈ ತಿಂಗಳು ಅದನ್ನೇ ವಿವರಿಸಬೇಕೆಂದು ಬಗೆದಿದ್ದೇವೆ.

ರಾಯಚೂರು ಸೀಮೆಯವರಿಗೆ ಚಳಿಯ ಪಾಠವೇ ಎಂದು ಕೆಲವರು ನಕ್ಕಾರು. ವೈಶಾಖದಲ್ಲಿ ಪಾದರಸವು 40 ಡಿಗ್ರಿಯನ್ನು ದಾಟುವ ಊರು ನಮ್ಮದು. ಪುಷ್ಯ ಮಾಘಗಳಲ್ಲಿ ತೀನ್ ಕಂದೀಲಿನ ಚಹದಂಗಡಿಗಳ ಮುಂದೆ ಶಾಲು ಹೊದ್ದವರು ನಿಲ್ಲುವುದುಂಟಾದರೂ, ಅಂಗಗಳು ಹೆಪ್ಪುಗಟ್ಟುವಷ್ಟು ಚಳಿ ಇಲ್ಲಿ ಎಂದೂ ಬೀಳದು. ಆದರೆ ನಮ್ಮ ಮಕ್ಕಳು ಊರಲ್ಲೇ ಉಳಿಯುವವರಲ್ಲ. ಅಲ್ಲದೆ ಚಳಿ ಎಂಬುದನ್ನು ಹವೆಯಿಂದ ಮಾತ್ರ ಅಳೆಯಲಾಗದು. ಆಗತಾನೇ ಹುಟ್ಟಿದ ಒದ್ದೆ ಮೈಯ ಕೂಸಿಗೆ, ನಾವು ಹಿತವೆನ್ನುವ ಹವೆಯೂ ಕಡುಚಳಿಯೇ ಸರಿ.

ಬೆಟದೂರಿನ ಯೋಧರು

ಓದುಗರಲ್ಲಿ ಅನೇಕರಿಗೆ 2016ನೆಯ ವರ್ಷದ ಫೆಬ್ರುವರಿ ತಿಂಗಳು ನೆನಪಿರಬಹುದು. ಆ ತಿಂಗಳ 3ನೆಯ ತಾರೀಖು ಸಿಯಾಚಿನ್ ಹಿಮನದಿಯ ಉತ್ತರಭಾಗದಲ್ಲಿ, ಸುಮಾರು 19,600 ಅಡಿ ಎತ್ತರದಲ್ಲಿದ್ದ ನಮ್ಮ ಸೈನ್ಯದ ಠಾಣೆಯೊಂದರ ಮೇಲೆ ಹಿಮದ ಗೋಡೆ ಕುಸಿದುಬಿತ್ತು. ಮದ್ರಾಸ್ ರೆಜಿಮೆಂಟಿನ 19ನೆಯ ಪಟಾಲಮಿನವರ ಠಾಣೆ ಅದು. ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ಕನ್ನಡನಾಡಿನವರು. ಒಬ್ಬರು ಹಾಸನದ ಕಡೆಯ ಸುಬೇದಾರ್ ನಾಗೇಶ್. ಒಬ್ಬರು ಹೆಗ್ಗಡದೇವನಕೋಟೆಯ ಸೀಮೆಯ ಸಿಪಾಯಿ ಮಹೇಶ್. ಮತ್ತೊಬ್ಬರು ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನವರಾದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ.

ಐದು ದಿನಗಳ ಮೇಲೆ, 8ನೆಯ ತಾರೀಖು, ಇಪ್ಪತ್ತೈದು ಅಡಿಗೂ ಆಳದ ಹಿಮವನ್ನು ಕಡಿದು ತೆಗೆದವರಿಗೆ ಹನುಮಂತಪ್ಪನವರು ಉಸಿರಾಡುತ್ತಿರುವುದು ಕಂಡುಬಂದಿತು. ಮರುದಿನ ಅವರನ್ನು ದಿಲ್ಲಿಯ ಸೈನಿಕ ಆಸ್ಪತ್ರೆಗೆ ಕರೆತಂದರು. ದೇಶವೇ ಅಂದು ಅವರ ಸುದ್ದಿಗಾಗಿ ಕಾಯುತ್ತಿತ್ತು. ಆಸ್ಪತ್ರೆಯವರು ಹೊರಡಿಸಿದ ಪ್ರಕಟಣೆಯಲ್ಲಿ ಗಮನಿಸತಕ್ಕ ಎರಡು ಮಾತುಗಳಿದ್ದವು. ಅಂಗಗಳು ಹಿಮದಿಂದ ಕೆಟ್ಟ ಗುರುತಾಗಲಿ, ಎಲುಬು ಮುರಿದುದಾಗಲಿ ಇಲ್ಲವೆಂಬುದು ಮೊದಲನೆಯದು. ತಣ್ಣಗಾಗಿದ್ದ ಭಾಗಗಳು ಮತ್ತೆ ಬೆಚ್ಚಗಾಗಿ ಅವುಗಳಿಗೆ ರಕ್ತವು ಹರಿಯತೊಡಗುವುದರಿಂದ ಮುಂದಿನ 24ರಿಂದ 48 ಗಂಟೆಗಳು ಬಹು ಕಠಿಣವಾಗುವುವೆಂಬುದು ಎರಡನೆಯದು. ಫೆಬ್ರುವರಿ 11ರಂದು, ಹಲವು ಅಂಗಗಳು ಒಮ್ಮೆಗೇ ಕೈಬಿಟ್ಟು, ಅವರು ತೀರಿಕೊಂಡರು.

ಐದು ದಿನ ಹಿಮದಡಿಯಲ್ಲಿ ಸಿಕ್ಕಿಕೊಂಡಿದ್ದವರ ದೇಹಕ್ಕೆ ಒದಗಿದ ಕಷ್ಟಗಳು ಒಂದೆರಡಲ್ಲ. ನೀರಿಲ್ಲ, ಆಹಾರವಿಲ್ಲ, ಪ್ರಾಣವಾಯು ಸಾಲದು. ಪುಪ್ಪುಸಕ್ಕೆ ಉರಿಬೇನೆ ತಗುಲಿತ್ತು. ಮೂತ್ರಪಿಂಡ ಯಕೃತ್ತುಗಳು ಸೋತಿದ್ದವು. ಆದುದರಿಂದ ಅವರ ಮರಣಕ್ಕೆ ಇದೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ಚಳಿಯಿಂದ ಹೊರಬಂದ ಮೇಲೆಯೂ, ಬೆಚ್ಚಗಾಗುವಾಗಲೇ, ಒಂದು ದೊಡ್ಡ ಗಂಡಾಂತರವಿದೆಯೆಂದು ವೈದ್ಯರು ಮುಂದಾಗಿಯೇ ಹೇಳಿದ್ದರಲ್ಲವೆ? ಮಾನ್ವಿಯ ತಂದೆಯವರ ಪ್ರಶ್ನೆಯೂ ಅದೇ.

ಹೆಪ್ಪುಗಟ್ಟುವಾಗ ಆಗುವುದೇನು

ಬರಗಾಲ ಬಂದರೆ ಮನೆಯ ಯಜಮಾನನು ಹೊರಗಿನ ವೆಚ್ಚವನ್ನು ನಿಲ್ಲಿಸಿ ಕಣಜವನ್ನು ಕಾಯುವನು. ದೇಹವೂ ಹಾಗೆಯೇ. ಕಡುಚಳಿ ತಾಗಿದೊಡನೆ ಅದು ಹೃದಯ, ಮಿದುಳು ಮೊದಲಾದ ಒಳಗಿನ ಅಂಗಗಳ ಕಾವನ್ನು ಕಾಪಾಡಲೆಂದು ಕೈಬೆರಳು, ಕಾಲ್ಬೆರಳು, ಕಿವಿ, ಮೂಗುಗಳಿಗೆ ಹೋಗುವ ಸಣ್ಣ ರಕ್ತನಾಳಗಳನ್ನು ಬಿಗಿಹಿಡಿಯುವುದು. ಮನುಷ್ಯನ ದೇಹದ ಸಹಜವಾದ ಕಾವು 37 ಡಿಗ್ರಿಯಷ್ಟು. ಅದು 35ಕ್ಕಿಂತ ಕೆಳಗಿಳಿದರೆ ಪ್ರಾಣಕ್ಕೆ ಅಪಾಯ. ಆದುದರಿಂದ ಬೆರಳು ಹೋದರೂ ಜೀವ ಉಳಿಯಲಿ ಎಂಬುದು ದೇಹದ ನೀತಿ.

ದೇಹದೊಳಗಿನ ನೀರು ಉಪ್ಪಿನಂಶವುಳ್ಳದ್ದಾದುದರಿಂದ 0 ಡಿಗ್ರಿಗಿಂತ ಸುಮಾರು ಅರ್ಧ ಡಿಗ್ರಿ ಕೆಳಗೆ ಹೆಪ್ಪುಗಟ್ಟುವುದು. ಮಂಜಿನ ಹರಳುಗಳು ಸಾಮಾನ್ಯವಾಗಿ ಮೊದಲು ಹುಟ್ಟುವುದು ಜೀವಕೋಶಗಳ ಹೊರಗಿನ ನೀರಿನಲ್ಲಿ. ಹೊರಗಿನ ನೀರು ಹೆಪ್ಪಾದಂತೆ ಉಳಿದ ನೀರಿನಲ್ಲಿ ಉಪ್ಪು ಗಟ್ಟಿಯಾಗುವುದು; ಅದು ಕೋಶದೊಳಗಿನ ನೀರನ್ನು ಹೊರಗೆ ಎಳೆಯುವುದು. ಉಪ್ಪಿನಕಾಯಿಗೆಂದು ಹೆಚ್ಚಿದ ಮಾವಿನ ಹೋಳುಗಳಿಗೆ ಉಪ್ಪು ಬೆರಸಿಟ್ಟರೆ ಅವು ನೀರುಬಿಟ್ಟು ಸುಕ್ಕುವುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಕೋಶಗಳಿಗೆ ಆಗುವುದೂ ಅದೇ. ಹೆಪ್ಪು ಇನ್ನೂ ಗಾಢವಾದರೆ ಕೋಶದ ಒಳಗೂ ಹರಳುಗಳೆದ್ದು ಅದರ ಗೋಡೆಯನ್ನೇ ಹರಿಯುವುವು.

ಇದು ಚಳಿಯ ನೇರವಾದ ಪೆಟ್ಟು. ಹೀಗೆ ಸತ್ತ ಕೋಶಗಳನ್ನು ಬದುಕಿಸುವ ಉಪಾಯ ಯಾರಲ್ಲಿಯೂ ಇಲ್ಲ. ಆದರೆ ಬಹುಭಾಗದ ಕೋಶಗಳು ಈ ಹಂತದಲ್ಲಿ ಸತ್ತಿರುವುದಿಲ್ಲ; ಹಸಿದು, ಸೊರಗಿ, ಉಸಿರುಕಟ್ಟಿ ನಿಂತಿರುವುವು. ಅವುಗಳಲ್ಲಿ ಎಷ್ಟು ಉಳಿಯುವುವು, ಎಷ್ಟು ಅಳಿಯುವುವು ಎಂಬುದು ಮುಂದಿನ ಕೆಲವು ಗಂಟೆಗಳಲ್ಲಿ ತೀರ್ಮಾನವಾಗುವುದು.

ಬೆಚ್ಚಗಾಗುವಾಗ ಆಗುವುದೇನು

ರಾಯಚೂರಿನ ಗಂಜಿನಲ್ಲಿ ಹಮಾಲರು ಸಾಲಾಗಿ ನಿಂತು ಚೀಲಗಳನ್ನು ಕೈಯಿಂದ ಕೈಗೆ ಸಾಗಿಸುತ್ತಿರುವರೆಂದು ಭಾವಿಸಿರಿ. ಸಾಲಿನ ಕಡೆಯಲ್ಲಿ ನಿಂತವನು ಚೀಲವನ್ನು ಹಿಡಿದು ಲಾರಿಗೆ ಏರಿಸುವವನು. ಅವನೊಬ್ಬನು ಇಲ್ಲವಾದರೆ ಸಾಲೆಲ್ಲ ನಿಲ್ಲುವುದು. ಎಲ್ಲರ ಕೈಯಲ್ಲಿಯೂ ಚೀಲ, ಹಿಂದೆ ಚೀಲಗಳ ರಾಶಿ. ಬಹಳ ಹೊತ್ತಿನ ಮೇಲೆ ಆ ಕಡೆಯ ಹಮಾಲನು ಓಡಿಬಂದು ನಿಂತೊಡನೆ ಹಿಂದಿನವರೆಲ್ಲರೂ ಒಮ್ಮೆಗೇ ಚೀಲಗಳನ್ನು ಮುಂದಕ್ಕೆ ತಳ್ಳಿದರೆ ಏನಾಗುವುದು? ಹಲವು ಚೀಲಗಳು ಕೈತಪ್ಪಿ ಬಿದ್ದು ಒಡೆಯುವುವು.

ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಇಂತಹ ಸಾಲುಗಳಿವೆ. ಅಲ್ಲಿ ಸಾಗುವ ಸರಕು ಇಲೆಕ್ಟ್ರಾನೆಂಬ ಅತಿಸೂಕ್ಷ್ಮವಾದ ಕಣ. ನಾವುಂಡ ಆಹಾರದಿಂದ ಬಂದ ಇಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟಿ, ದಾಟುವಾಗ ದೇಹಕ್ಕೆ ಬೇಕಾದ ಶಕ್ತಿಯನ್ನು ಒದಗಿಸಿ, ಕಡೆಗೆ ಪ್ರಾಣವಾಯುವನ್ನು ಸೇರಿ ನೀರಾಗುವುವು. ನಾವು ಉಸಿರಾಡುವುದು ಈ ಕಡೆಯ ಹಮಾಲನಿಗಾಗಿಯೇ. ರಕ್ತ ನಿಂತ ಬೆರಳಿನಲ್ಲಿ ಪ್ರಾಣವಾಯುವಿಲ್ಲ. ಆದುದರಿಂದ ಸಾಲು ನಿಂತು ಸರಕು ರಾಶಿಬೀಳುವುದು. ಬೆರಳು ಬೆಚ್ಚಗಾಗಿ ನಾಳಗಳು ತೆರೆದಾಗ ಪ್ರಾಣವಾಯುವು ಪ್ರವಾಹದಂತೆ ನುಗ್ಗುವುದು. ಆಗ ಸಾಲುತಪ್ಪಿದ ಇಲೆಕ್ಟ್ರಾನುಗಳು ಅರೆಬರೆಯಾಗಿ ಪ್ರಾಣವಾಯುವಿಗೆ ಅಂಟಿಕೊಂಡು, ಸೂಪರಾಕ್ಸೈಡ್ ಎಂಬ ಉಗ್ರವಾದ ಪದಾರ್ಥ ಹುಟ್ಟುವುದು.

ಇದು ಹುಟ್ಟುವ ಇನ್ನೊಂದು ಬಗೆಯೂ ಉಂಟು. ಪ್ರಾಣವಾಯುವಿಲ್ಲದೆ ಸೊರಗಿದ ಕೋಶವು ತನ್ನ ಶಕ್ತಿಯ ಕೂಡಿಟ್ಟ ಸರಕನ್ನೇ ಒಡೆದು ತಿನ್ನುವುದು. ಹಾಗೆ ಒಡೆದುದರ ಕಡೆಯ ಚೂರು ಹೈಪೋಕ್ಸಾಂಥೀನ್ ಎಂಬುದು. ರಕ್ತವು ಮರಳಿದಾಗ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವವು ಈ ಚೂರುಗಳನ್ನು ಪ್ರಾಣವಾಯುವಿನೊಡನೆ ಬೆರಸುವುದು. ಆ ಬೆರಕೆಯಲ್ಲಿಯೂ ಸೂಪರಾಕ್ಸೈಡ್ ಹೊರಬೀಳುವುದು. ಮುಂದೆ ಅದರಿಂದ ಹೈಡ್ರೊಜನ್ ಪೆರಾಕ್ಸೈಡ್ ಆಗುವುದು. ಅದಕ್ಕೆ ದೇಹದೊಳಗಿನ ಕಬ್ಬಿಣದ ಅಂಶ ಸೇರಿದರೆ ಇನ್ನೂ ಉಗ್ರವಾದ ಮತ್ತೊಂದು ಹುಟ್ಟುವುದು. ಒಂಟಿ ಇಲೆಕ್ಟ್ರಾನನ್ನು ಹೊತ್ತು, ಜೋಡಿಗಾಗಿ ಕಂಡಕಂಡದ್ದರ ಮೇಲೆ ಎರಗುವ ಇಂತಹವುಗಳಿಗೆ ಮುಕ್ತ ಮೂಲಕಗಳೆಂದು ಹೆಸರು. ವೈದ್ಯರ ಬಾಯಲ್ಲಿ ಇವೇ ಫ್ರೀ ರ‍್ಯಾಡಿಕಲ್ಲುಗಳು. ಇವುಗಳ ಹಾವಳಿಯು ದೇಹದ ತಡೆಯುವ ಬಲವನ್ನು ಮೀರಿದ ಸ್ಥಿತಿಯೇ ಉತ್ಕರ್ಷಣದ ಒತ್ತಡ.

ಉತ್ಕರ್ಷಣವೆಂಬ ಹೆಸರು ಹೊಸತಾದರೂ ಅದರ ಕೆಲಸ ನಮ್ಮ ಅಡಿಗೆಮನೆಗೆ ಹೊಸತಲ್ಲ. ಹೆಂಚು ತುಕ್ಕುಹಿಡಿಯುವುದು ಅದರಿಂದಲೇ. ಹೆಚ್ಚಿದ ಬದನೆಕಾಯಿ ಕಪ್ಪಾಗುವುದು ಅದರಿಂದಲೇ. ಶೇಂಗಾದ ಹಿಂಡಿ ಬಹಳ ದಿನ ಇದ್ದರೆ ಕಮಟು ಹಿಡಿಯುವುದೂ ಅದರಿಂದಲೇ. ಈ ಕಮಟಿನ ದೃಷ್ಟಾಂತವನ್ನು ಓದುಗರು ಮನಸ್ಸಿನಲ್ಲಿಡಬೇಕು. ಏತಕ್ಕೆಂದರೆ, ಎಣ್ಣೆಯ ಒಂದು ಕಣ ಕೆಟ್ಟರೆ ಅದು ನೆರೆಯ ಕಣವನ್ನು ಕೆಡಿಸುವುದು, ಅದು ಮತ್ತೊಂದನ್ನು. ಜೀವಕೋಶಗಳ ಹೊರಪೊರೆಯೂ ಜಿಡ್ಡಿನ ಕಣಗಳಿಂದಲೇ ಆದುದು. ಮುಕ್ತ ಮೂಲಕವೊಂದು ಅದಕ್ಕೆ ತಾಗಿದರೆ ಹಿಂಡಿಯು ಕಮಟಾಗುವಂತೆ ಪೊರೆಯೂ ಸಾಲುಸಾಲಾಗಿ ಕೆಡುವುದು, ಕೋಶವು ಸೋರತೊಡಗುವುದು.

ಮೊದಲು ಕೆಡುವುದು ಸಣ್ಣ ರಕ್ತನಾಳಗಳ ಒಳಪದರ. ಅದು ಸೋರಿದಾಗ ನೀರು ಹೊರಬಂದು ಬೆರಳು ಊದುವುದು, ಬೊಕ್ಕೆಗಳೇಳುವುವು. ಕೆಟ್ಟ ಪದರಕ್ಕೆ ರಕ್ತದ ಬಿಳಿಯ ಕಣಗಳು ಅಂಟಿಕೊಂಡು ಇನ್ನಷ್ಟು ಮುಕ್ತ ಮೂಲಕಗಳನ್ನು ಉಗುಳುವುವು. ರಕ್ತವನ್ನು ಗರಣೆಗಟ್ಟಿಸಿ ನಾಳವನ್ನು ಕುಗ್ಗಿಸುವ ಥ್ರೊಂಬಾಕ್ಸೇನ್ ಎಂಬ ಪದಾರ್ಥವೂ ಅಲ್ಲಿ ಹೆಚ್ಚುವುದು. ಹಿಮದಿಂದ ಕೆಟ್ಟವರ ಬೊಕ್ಕೆಯ ನೀರಿನಲ್ಲಿ ಇದನ್ನು ವೈದ್ಯರು ಕಂಡಿದ್ದಾರೆ. ಕಡೆಗೆ, ತೆರೆದ ನಾಳಗಳು ಮತ್ತೆ ಮುಚ್ಚಿಹೋಗುವುವು. ಬೆರಳಿಗೆ ಎರಡನೆಯ ಉಪವಾಸ ಆರಂಭವಾಗುವುದು. ಈ ಸಲ ಚಳಿಯಿಂದಲ್ಲ, ಒಳಗಿನ ಉರಿಯಿಂದ. ಕೆಂಪೇರಿದ ಬೆರಳು ಮರುದಿನ ಬೊಕ್ಕೆಯೆದ್ದು ಆಮೇಲೆ ಕಪ್ಪಾದುದು ಇದರಿಂದಲೇ.

ಇದನ್ನು ಕಂಡುಕೊಂಡ ಬಗೆ

ಹಾನಿಯು ಹೆಪ್ಪು ಕರಗಿದ ಮೇಲೆ ಕಾಣಿಸಿಕೊಳ್ಳುವುದೆಂಬುದನ್ನು ಇನ್ನೂರು ವರ್ಷಗಳ ಹಿಂದೆಯೇ ಒಬ್ಬರು ಗಮನಿಸಿದ್ದರು. ಅವರು ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯರಾದ ಡೊಮಿನಿಕ್ ಲಾರೆ ಎಂಬವರು. 1812ರಲ್ಲಿ ಮಾಸ್ಕೋದಿಂದ ಹಿಮ್ಮೆಟ್ಟುತ್ತಿದ್ದ ಸಿಪಾಯಿಗಳು ರಾತ್ರಿ ಬೆಂಕಿಯ ಬದಿಯಲ್ಲಿ ಕೈಕಾಲು ಕಾಯಿಸಿಕೊಂಡು, ಹಗಲು ಮತ್ತೆ ಹಿಮದಲ್ಲಿ ನಡೆದು, ಅಂಗಾಂಗಗಳನ್ನು ಕಳೆದುಕೊಂಡುದನ್ನು ಅವರು ಕಣ್ಣಾರೆ ಕಂಡರು. ನೋಡಿದುದು ಸರಿ, ಆದರೆ ಅದರಿಂದ ತೆಗೆದ ತೀರ್ಮಾನ ತಪ್ಪಿತು. ಬೆಂಕಿಯ ಕಾವು ಬೇಡ, ಹೆಪ್ಪುಗಟ್ಟಿದ ಅಂಗವನ್ನು ಹಿಮದಿಂದಲೇ ಉಜ್ಜಬೇಕೆಂದು ಅವರು ಬೋಧಿಸಿದರು. ಆ ಬೋಧನೆ ನೂರು ವರ್ಷಗಳಿಗೂ ಮೀರಿ ನಡೆಯಿತು. ಅದರಿಂದ ಎಷ್ಟು ಜನರ ಚರ್ಮ ಕಿತ್ತು ಬೆರಳು ಹೋಯಿತೋ! ಬಿಸಿನೀರಿನಲ್ಲಿ ಬೇಗನೆ ಕರಗಿಸುವುದೇ ಲೇಸೆಂಬುದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಮಾತ್ರ ಸ್ಥಿರಪಟ್ಟಿತು. ಅಲಾಸ್ಕದ ವೈದ್ಯರಾದ ವಿಲಿಯಂ ಮಿಲ್ಸ್ ಎಂಬವರು 1960ರ ಸುಮಾರಿನಲ್ಲಿ ತಮ್ಮ ರೋಗಿಗಳ ಅನುಭವದಿಂದ ಇದನ್ನು ತೋರಿಸಿಕೊಟ್ಟರು.

ಮುಕ್ತ ಮೂಲಕಗಳ ಕಥೆ ಬೇರೊಂದು ದಾರಿಯಿಂದ ಬಂದುದು. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಎಂಬಿಬ್ಬರು, ಸೂಪರಾಕ್ಸೈಡನ್ನು ಅಡಗಿಸುವ ಕಿಣ್ವವೊಂದು ದೇಹದಲ್ಲಿಯೇ ಇರುವುದನ್ನು ಕಂಡುಹಿಡಿದರು. ಶತ್ರುವಿಲ್ಲದ ಊರಿನಲ್ಲಿ ಕೋಟೆಯೇಕೆ? ದೇಹವು ಇಂತಹ ಕಾವಲನ್ನು ಇಟ್ಟಿರಬೇಕಾದರೆ ಒಳಗೆ ಶತ್ರುವೂ ಇರಲೇಬೇಕೆಂದು ಆಗ ವಿದ್ವಾಂಸರಿಗೆ ಮನದಟ್ಟಾಯಿತು. 1981ರಲ್ಲಿ ಗ್ರೇಂಜರ್ ಮತ್ತು ಅವರ ಸಂಗಡಿಗರು ಬೆಕ್ಕಿನ ಕರುಳಿಗೆ ರಕ್ತವನ್ನು ಕಡಮೆಮಾಡಿ ಮತ್ತೆ ಬಿಟ್ಟಾಗ ಆಗುವ ಹಾನಿಯನ್ನು ಈ ಕಿಣ್ವವು ತಗ್ಗಿಸುವುದೆಂದು ತೋರಿಸಿದರು. 1991ರಲ್ಲಿ ಮೊಲದ ಕಿವಿಯನ್ನು ಹೆಪ್ಪುಗಟ್ಟಿಸಿ ಕರಗಿಸುವಾಗ ಇದೇ ಕಿಣ್ವವನ್ನು ಕೊಟ್ಟು ನೋಡಿದವರಿಗೆ ಕಿವಿಯ ಹೆಚ್ಚು ಭಾಗ ಉಳಿಯುವುದು ಕಂಡುಬಂದಿತು.

ಚಳಿಯನ್ನು ಉಪಕಾರಕ್ಕೆ ಬಳಸುವಲ್ಲಿಯೂ ಈ ತಿಳಿವಳಿಕೆ ಸಾರ್ಥಕವಾಗಿದೆ. ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಜೋಡಿಸಬೇಕಾದಾಗ ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ, ಸುಮಾರು 4 ಡಿಗ್ರಿ ತಂಪಿನಲ್ಲಿ, ಊರಿಂದೂರಿಗೆ ಸಾಗಿಸುವರು. ಅಲ್ಲಿಯೂ ಗಂಡಾಂತರವಿರುವುದು ಹೊಸ ದೇಹದ ಬಿಸಿರಕ್ತ ಒಳಹೊಕ್ಕ ಗಳಿಗೆಯಲ್ಲಿಯೇ. ಅದಕ್ಕೆಂದು 1980ರ ದಶಕದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಬೆಲ್ಜರ್ ಮತ್ತು ಸದರ್ಡ್ ಎಂಬವರು ಸಿದ್ಧಪಡಿಸಿದ ದ್ರವದಲ್ಲಿ ಗ್ಲುಟಾಥಯೋನ್ ಮತ್ತು ಆಲೊಪ್ಯೂರಿನಾಲ್ ಎಂಬವುಗಳನ್ನು ಸೇರಿಸಿದರು. ಮೊದಲನೆಯದು ಉತ್ಕರ್ಷಣವನ್ನು ತಡೆಯುವುದು. ಎರಡನೆಯದು ಕೀಲುಗಳ ಗೌಟ್ ಬೇನೆಯವರು ನುಂಗುವ ಗುಳಿಗೆಯ ಮದ್ದೇ. ಅದು ಮೇಲೆ ಹೇಳಿದ ಕ್ಸಾಂಥೀನ್ ಆಕ್ಸಿಡೇಸ್ ಕಿಣ್ವದ ಕೈಕಟ್ಟುವುದು.

ಮಗನಿಗೆ ಹೇಳಿ ಕಳುಹಿಸತಕ್ಕ ಮಾತುಗಳು

ಹಾಗಾದರೆ ಹೆಪ್ಪುಗಟ್ಟಿದ ಬೆರಳನ್ನು ಬೆಚ್ಚಗೆ ಮಾಡಲೇಬಾರದೆ ಎಂದು ಯಾರಾದರೂ ಕೇಳಿಯಾರು. ಮಾಡಲೇಬೇಕು, ಹೆಪ್ಪಿನಲ್ಲಿಯೇ ಬಿಟ್ಟರೆ ಬೆರಳು ಹೇಗೂ ಹೋಗುವುದು. ಆದರೆ ಕ್ರಮವನ್ನರಿತು ಮಾಡಬೇಕು. ಸೈನ್ಯದವರು ತಮ್ಮ ಜನರಿಗೆ ಈ ಶಿಕ್ಷಣವನ್ನು ಕೊಡುವರೆಂಬುದು ನಿಜ. ದಿಲ್ಲಿಯಲ್ಲಿ ರಕ್ಷಣಾ ಇಲಾಖೆಯ ಶರೀರಶಾಸ್ತ್ರ ಸಂಸ್ಥೆಯೂ ಚಳಿಯ ಹಾನಿಗಳ ವಿಷಯದಲ್ಲಿ ಕೆಲಸಮಾಡುತ್ತಿದೆ. ಲೋಳೆಸರದಿಂದ ಮಾಡಿದ ಲೇಪವೊಂದನ್ನು ಸಿದ್ಧಪಡಿಸಿ ಸೈನ್ಯಕ್ಕೆ ಒದಗಿಸಿದೆ. ಆದರೂ ತಂದೆಯ ಬಾಯಿಂದ ಬಂದ ಮಾತು ಮನಸ್ಸಿನಲ್ಲಿ ನಿಲ್ಲುವುದಾದುದರಿಂದ ಮುಖ್ಯವಾದವುಗಳನ್ನು ಬರೆಯುತ್ತೇವೆ.

ಮೊದಲನೆಯದಾಗಿ, ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸಬಾರದು. ಒಮ್ಮೆ ಕರಗಿ ಮತ್ತೊಮ್ಮೆ ಹೆಪ್ಪಾದ ಅಂಗಕ್ಕೆ ಎರಡೂ ಪೆಟ್ಟುಗಳು ಎರಡೆರಡು ಸಲ ಬೀಳುವುವು. ನೆಪೋಲಿಯನ್ನನ ಸಿಪಾಯಿಗಳಿಗೆ ಆದುದು ಅದೇ. ಬೆಚ್ಚನೆಯ ನೆಲೆಯನ್ನು ಸೇರಿದ ಮೇಲೆಯೇ ಕರಗಿಸತಕ್ಕದ್ದು.

ಎರಡನೆಯದಾಗಿ, ಬೆಂಕಿಗೆ ಒಡ್ಡಬಾರದು, ಉಜ್ಜಬಾರದು. ಮರಗಟ್ಟಿದ ಬೆರಳಿಗೆ ಸುಡುವುದು ತಿಳಿಯದು. ಒಂದು ಕಡೆ ಸುಟ್ಟು, ಇನ್ನೊಂದು ಕಡೆ ಹೆಪ್ಪಾಗಿಯೇ ಉಳಿಯುವುದು. ಉಜ್ಜಿದರೆ ಒಳಗಿನ ಹರಳುಗಳು ಗಾಜಿನ ಪುಡಿಯಂತೆ ಮಾಂಸವನ್ನು ಕೊರೆಯುವುವು. 37ರಿಂದ 39 ಡಿಗ್ರಿ ಕಾವಿನ ನೀರಿನಲ್ಲಿ, ಎಂದರೆ ಆರೋಗ್ಯವುಳ್ಳ ಇನ್ನೊಬ್ಬನ ಮೊಣಕೈಗೆ ಹಿತವೆನ್ನುವಷ್ಟು ಬಿಸಿಯಾದ ನೀರಿನಲ್ಲಿ, ಬೆರಳು ಮೆತ್ತಗಾಗಿ ಬಣ್ಣ ಮರಳುವವರೆಗೆ, ಅರ್ಧ ಗಂಟೆಯವರೆಗೂ ಇಡಬೇಕು. ನೀರು ಆರಿದಂತೆ ಬಿಸಿನೀರನ್ನು ಬೆರಸುತ್ತಿರಬೇಕು. ಆಗ ತಡೆಯಲಾರದ ನೋವಾಗುವುದು. ಅದಕ್ಕೆ ಹೆದರಿ ಕೈಯನ್ನು ತೆಗೆಯಬಾರದು. ಉಂಗುರವಿದ್ದರೆ ಊತ ಬರುವ ಮೊದಲೇ ತೆಗೆದಿಡಬೇಕು. ಬೊಕ್ಕೆಗಳನ್ನು ತಾನಾಗಿ ಒಡೆಯಬಾರದು.

ಮೂರನೆಯದಾಗಿ, ಬೆರಳು ಕೆಂಪಾಯಿತೆಂದು ಸುಮ್ಮನಿರದೆ ಆಗಿಂದಾಗಲೇ ವೈದ್ಯರನ್ನು ಕಾಣಬೇಕು. ಈ ಮಾತನ್ನು ಒತ್ತಿ ಹೇಳುತ್ತೇವೆ. ಎರಡನೆಯ ಪೆಟ್ಟು ಬೀಳುವುದಕ್ಕೆ ಮೊದಲೇ ಅದನ್ನು ತಗ್ಗಿಸುವ ಉಪಾಯಗಳು ಈಗ ಇವೆ. ಐಬುಪ್ರೊಫೆನ್ ಎಂಬ ಮದ್ದು ಥ್ರೊಂಬಾಕ್ಸೇನಿನ ಉತ್ಪತ್ತಿಯನ್ನು ತಗ್ಗಿಸುವುದು. ಗರಣೆಯನ್ನು ಕರಗಿಸುವ ಮದ್ದನ್ನು ಕೆಲವರಿಗೆ, ಹೆಪ್ಪು ಕರಗಿದ 24 ಗಂಟೆಗಳೊಳಗೆ, ವೈದ್ಯರು ಕೊಡುವರು. ನಾಳಗಳನ್ನು ಅಗಲಿಸುವ ಇಲೊಪ್ರಾಸ್ಟ್ ಎಂಬುದಕ್ಕೆ 2024ರ ಫೆಬ್ರುವರಿಯಲ್ಲಿ ಅಮೆರಿಕದ ಸರ್ಕಾರವು ತೀವ್ರವಾದ ಹಿಮಹಾನಿಯ ಚಿಕಿತ್ಸೆಗಾಗಿ ಒಪ್ಪಿಗೆಯನ್ನಿತ್ತಿತು. ಇವೆಲ್ಲಕ್ಕೂ ಹೊತ್ತೇ ಮುಖ್ಯ. ತಡಮಾಡಿದವನಿಗೆ ಇವು ಒದಗವು.

ಕಡೆಯದಾಗಿ, ಚಳಿಯಲ್ಲಿ ಹೊಗೆಬತ್ತಿಯೂ ಮದ್ಯವೂ ಶತ್ರುಗಳು. ಹೊಗೆಸೊಪ್ಪು ನಾಳಗಳನ್ನು ಕುಗ್ಗಿಸುವುದು. ಮದ್ಯವು ಮೈಗೆ ಬಿಸಿಯಾದ ಭ್ರಮೆಯನ್ನು ಕೊಟ್ಟು ಒಳಗಿನ ಕಾವನ್ನು ಹೊರಗೆ ಚೆಲ್ಲುವುದು. ಒದ್ದೆಯಾದ ಕಾಲುಚೀಲವನ್ನು ಒಂದು ಗಳಿಗೆಯೂ ಇಟ್ಟುಕೊಳ್ಳಬಾರದು. ಬೆರಳು ಜೋಮುಹಿಡಿದು ನೋವು ನಿಂತುಹೋದರೆ ಗುಣವಾಯಿತೆಂದು ತಿಳಿಯಬಾರದು; ಅದೇ ಎಚ್ಚರಿಕೆಯ ಗಂಟೆ.

ದೇವದುರ್ಗದ ಪ್ರಶ್ನೆಗೆ ಉತ್ತರ

ಈಗ ಕೂಸಿನ ಮಾತು. ತಾಯಿಯ ಗರ್ಭದ ಕಾವಿನಿಂದ ಹೊರಬಿದ್ದ ಕೂಸಿನ ಮೈ ಒದ್ದೆಯಾಗಿರುವುದು. ನೀರು ಆರುವಾಗ ಕಾವನ್ನೂ ಒಯ್ಯುವುದು. ದೊಡ್ಡವರಂತೆ ನಡುಗಿ ಬಿಸಿಮಾಡಿಕೊಳ್ಳುವ ಶಕ್ತಿ ಕೂಸಿಗಿಲ್ಲ. ಅದರ ಕತ್ತು ಬೆನ್ನುಗಳ ಬಳಿ ಕಂದುಬಣ್ಣದ ಒಂದು ಬಗೆಯ ಕೊಬ್ಬು ಇರುವುದು. ಅದನ್ನು ಉರಿಸಿ ಕಾವನ್ನು ಪಡೆಯುವುದು. ಆ ಉರಿಗೆ ಪ್ರಾಣವಾಯುವೂ ಸಕ್ಕರೆಯ ಅಂಶವೂ ಬಹಳವಾಗಿ ಬೇಕು. ಎರಡೂ ಸಾಲದೆ ಹೋದರೆ ಮೇಲೆ ಹೇಳಿದ ಹಾಗೆಯೇ ಕೋಶಗಳು ಸೊರಗುವುವು. ದಿನ ತುಂಬದೆ ಹುಟ್ಟಿದ ಕೂಸಿಗೆ ಅಪಾಯ ಇನ್ನೂ ಹೆಚ್ಚು. ಕಂದುಕೊಬ್ಬು ಕೂಡುವುದೂ, ಮುಕ್ತ ಮೂಲಕಗಳನ್ನು ತಡೆಯುವ ಬಲ ಬೆಳೆಯುವುದೂ ಗರ್ಭದ ಕಡೆಯ ತಿಂಗಳುಗಳಲ್ಲಿಯೇ ಆಗುವುದರಿಂದ, ಆ ಕೂಸು ಬರಿಗೈಯಲ್ಲಿ ಯುದ್ಧಕ್ಕೆ ಬಂದಂತೆ.

ಆದುದರಿಂದ ನರ್ಸಮ್ಮನವರ ಮಾತೇ ಸರಿ. ಲೋಕಾರೋಗ್ಯ ಸಂಸ್ಥೆಯವರು ಮೊದಲ ಸ್ನಾನವನ್ನು ಕಡೆಯಪಕ್ಷ 24 ಗಂಟೆ ತಡೆಯಬೇಕೆಂದು ವಿಧಿಸಿರುವರು. ಕೂಸು ಹುಟ್ಟಿದೊಡನೆ ಒಣಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ತೆಗೆದಿಟ್ಟು, ತಾಯಿಯ ಬರಿಯ ಎದೆಯ ಮೇಲೆ ಮಲಗಿಸಿ, ಮೇಲೆ ಬೆಚ್ಚನೆಯ ಹೊದಿಕೆಯನ್ನು ಹೊದಿಸಬೇಕು. ತಲೆಗೆ ಕುಲಾವಿ ಇರಲಿ. ಒಂದು ಗಂಟೆಯೊಳಗೆ ಮೊಲೆಹಾಲನ್ನು ಕೊಡಬೇಕು. ಉರಿಗೆ ಬೇಕಾದ ಸೌದೆ ಅದೇ. ಕೂಸಿನ ಕಾವು 36.5ರಿಂದ 37.5 ಡಿಗ್ರಿಯವರೆಗೆ ಇರತಕ್ಕದ್ದು. ಅಂಗಾಲು ಮುಟ್ಟಿದರೆ ತಣ್ಣಗಿದ್ದು ಹೊಟ್ಟೆಯೂ ತಣ್ಣಗಿದ್ದರೆ ತಡಮಾಡದೆ ದವಾಖಾನೆಗೆ ತಿಳಿಸಬೇಕು. ಎದೆಗಪ್ಪಿ ಕಾಪಾಡುವ ಈ ಕ್ರಮವನ್ನು ತೂಕ ಕಡಮೆಯ ಕೂಸುಗಳಿಗಾಗಿ 1978ರಲ್ಲಿ ಕೊಲಂಬಿಯ ದೇಶದ ಬೊಗೊಟದಲ್ಲಿ ಆರಂಭಿಸಿದರು. ಯಂತ್ರಗಳು ಸಾಲದೆ ಹೋದುದರಿಂದ ಹುಟ್ಟಿದ ಉಪಾಯವದು. ಇಂದು ಲೋಕವೆಲ್ಲ ಅದನ್ನು ಅನುಸರಿಸುತ್ತಿದೆ. ಕಾಸಿಲ್ಲದೆ ದೊರೆಯುವ ಇಂತಹ ಮದ್ದು ಬೇರೊಂದಿಲ್ಲ.

ಈ ಸೀಮೆಯಲ್ಲಿ ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಡುವ ರೂಢಿಯುಂಟು. ಬೆಚ್ಚಗಿಡಬೇಕೆಂಬ ಹಿರಿಯರ ಉದ್ದೇಶ ಒಳ್ಳೆಯದೇ. ಆದರೆ ಬಾಗಿಲು ಕಿಟಕಿಗಳನ್ನು ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯು ಏಳುವುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನು ಕಸಿದುಕೊಳ್ಳುವುದು. ಕೌದಿ, ಕಂಬಳಿ, ತಾಯಿಯ ಮೈಗಾವು ಇವು ಸಾಕು, ಕೆಂಡ ಬೇಡ.

ಮನೆಯಲ್ಲಿ ಸಕ್ಕರೆ ಬೇನೆಯ ಹಿರಿಯರಿದ್ದರೆ ಅವರಿಗೂ ಒಂದು ಮಾತು. ಅವರ ಪಾದಗಳಿಗೆ ಅರಿವು ಕಡಮೆ. ಚಳಿಯ ಮುಂಜಾನೆ ಬೆಂಕಿಗೆ ಕಾಲೊಡ್ಡಿ ಕುಳಿತು ಸುಟ್ಟುಕೊಂಡರೂ ಅವರಿಗೆ ತಿಳಿಯದು. ಕಾಲಿಗೆ ಉಣ್ಣೆಯ ಚೀಲ ಹಾಕಿಸುವುದು ಮೇಲು. ನೀರು ಎಷ್ಟು ಬಿಸಿಯೆಂಬುದನ್ನು ಮನೆಯ ಇನ್ನೊಬ್ಬರು ಮೊದಲು ನೋಡಬೇಕು.

ಗುಳಿಗೆಗಳ ವಿಷಯ

ಉತ್ಕರ್ಷಣವೇ ಹಾನಿಗೆ ಕಾರಣವಾದರೆ ಅದನ್ನು ತಡೆಯುವ ಗುಳಿಗೆಗಳನ್ನು ದಿನವೂ ನುಂಗಬಹುದಲ್ಲವೆ ಎಂದು ಕೇಳುವವರುಂಟು. ಅಂಗಡಿಗಳಲ್ಲಿ ಬಣ್ಣಬಣ್ಣದ ಡಬ್ಬಿಗಳೂ ಉಂಟು. ಹೆಚ್ಚಿದ ಹಣ್ಣಿಗೆ ನಿಂಬೆಯ ರಸ ಹಿಂಡಿದರೆ ಕಪ್ಪಾಗದಿರುವುದನ್ನು ನೋಡಿ ದೇಹಕ್ಕೂ ಅದೇ ನ್ಯಾಯವೆಂದು ಹೇಳುವುದು ಸುಲಭ. ಆದರೆ ದೇಹವು ಹಣ್ಣಿನ ಹೋಳಲ್ಲ. ಫಿನ್ಲೆಂಡ್ ದೇಶದಲ್ಲಿ ಹೊಗೆಬತ್ತಿ ಸೇದುವ 29,133 ಮಂದಿ ಗಂಡಸರ ಮೇಲೆ ನಡೆದ ಪರೀಕ್ಷೆಯ ಫಲವು 1994ರಲ್ಲಿ ಪ್ರಕಟವಾಯಿತು. ಬೀಟಾ ಕೆರೊಟೀನ್ ಎಂಬ ಉತ್ಕರ್ಷಣನಿರೋಧಕದ ಗುಳಿಗೆಯನ್ನು ನುಂಗಿದವರಲ್ಲಿ ಪುಪ್ಪುಸದ ಕ್ಯಾನ್ಸರ್ ತಗ್ಗುವುದಕ್ಕೆ ಬದಲಾಗಿ ಹೆಚ್ಚಿತು. ಮೊಲದ ಕಿವಿಯಲ್ಲಿ ಫಲಿಸಿದುದೆಲ್ಲ ಮನುಷ್ಯನ ಬೆರಳಿನಲ್ಲಿ ಫಲಿಸೀತೆಂಬ ನಂಬುಗೆಯೂ ಸಲ್ಲದು. ನೆಲ್ಲಿಕಾಯಿ, ನಿಂಬೆ, ಪೇರಲ, ಸೊಪ್ಪು, ಶೇಂಗಾ ಇವುಗಳನ್ನು ಊಟದಲ್ಲಿ ಬಳಸುತ್ತಿರುವ ಮನೆಗೆ ಆ ಡಬ್ಬಿಗಳ ಅವಶ್ಯಕತೆಯಿಲ್ಲ. ಹಿಮಕ್ಕೆ ಹೋಗುವ ಮಗನಿಗೂ ಗುಳಿಗೆಗಿಂತ ಒಣಗಿದ ಕಾಲುಚೀಲವೊಂದು ಹೆಚ್ಚು ಪ್ರಯೋಜನಕಾರಿ.

ಮಾನ್ವಿಯ ಮಹಾಶಯರು ತಮ್ಮ ಮಗನು ಕ್ಷೇಮವಾಗಿ ಮರಳಿ ಬಂದ ಸುದ್ದಿಯನ್ನು ನಮಗೆ ತಿಳಿಸಬೇಕೆಂದು ಕೋರುತ್ತೇವೆ. ದೇವದುರ್ಗದ ತಾಯಿಯವರು ಈ ಪುಟವನ್ನು ಓಣಿಯ ಹಿರಿಯರ ಮುಂದೆ ಓದಿ ಹೇಳಬೇಕು. ಕೂಸಿಗೆ ಎರಡನೆಯ ದಿನ ಎರೆದರೆ ಯಾವ ಶಾಸ್ತ್ರಕ್ಕೂ ಲೋಪವಿಲ್ಲ. ಮುಂದಿನ ತಿಂಗಳು ಬೇಸಿಗೆಗೆ ಮುಂಚಿತವಾಗಿ ಕುಡಿಯುವ ನೀರಿನ ಶುದ್ಧಿಯನ್ನು ಕುರಿತು ಬರೆಯುವೆವು. ಆ ವಿಷಯದಲ್ಲಿ ಸಂದೇಹಗಳಿದ್ದ ವಾಚಕರು ಈ ತಿಂಗಳೊಳಗಾಗಿ ಕಾಗದ ಬರೆಯಬಹುದು.